ಆರನೆಯ ಗಂಟೆ

ಗ್ಲೆನಿಸ್ ಮಾವರ್ ಬಂದು ಕೂತದ್ದು ಮಂಗಳವಾರ,
ಕುರ್ಚಿಯ ಎರಡೂ ಕೈ ಬಿಗಿಹಿಡಿದು.
ಹೊರಗೆ ಲಿಂಕನ್ ಊರಿನ ಕಡಿದಾದ ಬೀದಿಯಲ್ಲಿ
ಯಾರೋ ಪೀಪಾಯಿ ಉರುಳಿಸುತ್ತಿದ್ದರು.
"ನಗಬಾರದು" ಅಂದರು.
"ನನ್ನ ಕಣ್ಣು ಹೊರಳುವುದು ನನಗೆ ಕೇಳಿಸುತ್ತದೆ.
ರಾತ್ರಿ ಓದುವಾಗ ಸಾಲು ಮುಗಿದು
ಕಣ್ಣು ಎಡಕ್ಕೆ ವಾಪಸು ಬರುತ್ತದಲ್ಲ, ಆಗ,
ಹಲಗೆಗೆ ಮರಳುಕಾಗದ ಉಜ್ಜಿದ ಹಾಗೆ."

ನಾನು ನಗಲಿಲ್ಲ.
ನಾಲ್ಕು ವರ್ಷ ನಕ್ಕವರ ಕಾಗದಗಳು ಕಡತದಲ್ಲಿದ್ದವು:
ಆತಂಕ, ವಯಸ್ಸು, ನಿದ್ದೆಗೇಡು,
ಬೆಳಿಗ್ಗೆ ಒಂದು ಬಿಳಿ ಮಾತ್ರೆ.
ಕೊನೆಯ ಹಾಳೆಯಲ್ಲಿ ಒಂದೇ ಸಾಲು, ಹಸಿರು ಶಾಯಿ:
ಗಂಟೆ ಹೊಡೆದಾಗ ಬೀಳುತ್ತಾರಂತೆ.

ಮೂವತ್ತೊಂದು ವರ್ಷದಿಂದ ಹಳ್ಳಿಯ ಚರ್ಚಿನ ಗೋಪುರದಲ್ಲಿ
ಎಂಟು ಹಗ್ಗಗಳಲ್ಲಿ ಒಂದು ಇವರ ಪಾಲು.
ರಾಗವಿಲ್ಲ ಅದಕ್ಕೆ, ಬರೀ ಲೆಕ್ಕ.
ಎರಡು ಮೂರಾಗಿ, ಮೂರು ಎರಡಾಗಿ ಜಾಗ ಬದಲಿಸುತ್ತ
ಬರೆದುಕೊಳ್ಳದೆ ಮೈಯೇ ನೆನಪಿಡಬೇಕು.
ಈಗ ಗಂಟೆಗಳು ಬಾಯಿಬಿಟ್ಟರೆ ಸಾಕು,
ಹಿಂಭಾರದ ಗಾಡಿಯ ಹಾಗೆ
ನೆಲ ಮೂಕಿ ಎತ್ತುತ್ತದೆ.

ಹಿತ್ತಾಳೆ ಕಿವಿ ಅಂತೀವಿ ನಾವು,
ಯಾರು ಏನು ಹೇಳಿದರೂ ನಂಬುವ ಕಿವಿಗೆ.
ಇವರದು ಉಲ್ಟಾ:
ಕಿವಿ ಹೇಳಿದ್ದನ್ನು ಯಾರೂ ನಂಬಲಿಲ್ಲ.

ಶ್ರುತಿಕವಲನ್ನು ಮೊಣಕೈಗೆ ತಟ್ಟಿ
ಕಾಲಿನ ಹರಡಿನ ಮೇಲಿಟ್ಟೆ, ಕಾಲುಚೀಲ ಬಿಚ್ಚಿಸದೆಯೇ.
"ಎಲ್ಲಿ ಕೇಳುತ್ತೆ?"
ಎಡಗಿವಿ ಮುಟ್ಟಿ ತೋರಿಸಿದರು.
ಮೂಳೆಯ ದಾರಿಯಲ್ಲಿ ಸೊನ್ನೆಗಿಂತ ಕೆಳಗೂ ಕೇಳಿಸಿತು,
ಮೈನಸ್ ಹತ್ತು, ಅದಕ್ಕಿಂತ ಕೆಳಗೆ ನನ್ನ ಯಂತ್ರ ಇಳಿಯದು.
ಕಿವಿ ಕಳೆದುಕೊಂಡವರು ಬರುವ ಕೋಣೆಗೆ
ಕೇಳಬಾರದ್ದು ಕೇಳುವ ಕಾಯಿಲೆ ಬಂದಿತ್ತು.
ಮೈಸೂರಿನಲ್ಲಿ ಓದುವಾಗ ಇದೊಂದು ಅಡಿಟಿಪ್ಪಣಿ,
ಪರೀಕ್ಷೆಗೆ ಬರುವುದಿಲ್ಲ ಎಂದು ಬಿಟ್ಟದ್ದು.

ಕಪ್ಪು ಕನ್ನಡಕ ಕಟ್ಟಿದೆ. ಪರದೆಯ ಮೇಲೆ ಅವರ ಎಡಗಣ್ಣು
ಊಟದ ತಟ್ಟೆಯಷ್ಟಗಲ.
ಒಂದೊಂದೇ ಸ್ವರ ಕಿವಿಗೆ ಬಿಟ್ಟೆ.
ಏನಿಲ್ಲ.
ಏನಿಲ್ಲ.
ಐನೂರು ಹರ್ಟ್ಜ್‌ ಹತ್ತಿರ ಬಂದಾಗ
ಪಾಪೆ ಮೆಲ್ಲಗೆ ಮೇಲಕ್ಕೆ ಜಾರಿ
ಕೀಲಿ ಕೊಟ್ಟಂತೆ ಒಂದಿಷ್ಟು ತಿರುಗಿತು.
ಕುರ್ಚಿಯ ಕೈ ಕಿರ್ ಎಂದಿತು.

"ಎಂಟನೆಯದು, ಆ ದೊಡ್ಡದೇ ಬೀಳಿಸುತ್ತದೆ ಅಂದುಕೊಂಡಿದ್ದೆ"
ಅಂದರು ಕತ್ತಲೊಳಗಿಂದ.
"ಇದು ಆರನೆಯದು."
ಸ್ವಲ್ಪ ಹೊತ್ತು ಬಿಟ್ಟು: "ನನ್ನದು."

ಸ್ಕ್ಯಾನಿನಲ್ಲಿ ಸಿಕ್ಕಿತು. ಒಳಗಿವಿಯ ಮೇಲಣ ಕೊಳವೆಗೆ
ಎಳ್ಳಿನಷ್ಟು ಚಾವಣಿ ಇರಲಿಲ್ಲ.
ಎರಡೇ ಕಿಟಕಿಯ ಮನೆಗೆ ಮೂರನೆಯದೊಂದು ತೆರೆದು
ಸದ್ದು ಒಳಗಿನ ನೀರನ್ನು ತಳ್ಳುತ್ತಿತ್ತು,
ನೀರು ಮಿದುಳಿಗೆ ಸುಳ್ಳು ಹೇಳುತ್ತಿತ್ತು: ತಿರುಗುತ್ತಿದ್ದೀಯ.
ಹಗ್ಗ ಬಿಡಬಹುದು, ಅಥವಾ ಮೂಳೆಪುಡಿಯಿಂದ ಕಿಂಡಿ ಮುಚ್ಚಿಸಬಹುದು,
ಮುಚ್ಚುವಾಗ ಕೇಳುವುದೇ ಹೋದರೂ ಹೋದೀತು, ಅಂದೆ.
ಅವರು ಕೇಳಿದ್ದು ಒಂದೇ:
"ಈಸ್ಟರಿಗೆ ಹತ್ತಬಹುದಾ ಮೆಟ್ಟಿಲು?"

ಕೇಂಬ್ರಿಜ್‌ನಲ್ಲಿ ಕೊಯ್ದರು, ಮುಚ್ಚಿದರು. ಕೇಳುವುದು ಉಳಿಯಿತು.
ಆಮೇಲಿನ ವಾರಗಳು ನನ್ನವು.
ಗೋಡೆಗೆ ಅಂಟಿಸಿದ ಒಂದಕ್ಷರದ ಮೇಲೆ ಕಣ್ಣು ನೆಟ್ಟು
ತಲೆ ಅಲ್ಲಾಡಿಸಬೇಕು,
ಇಲ್ಲ ಇಲ್ಲ ಇಲ್ಲ ಎಂದು ನಿಮಿಷ,
ಹೌದು ಹೌದು ಎಂದು ನಿಮಿಷ, ಅಕ್ಷರ ಕದಲಬಾರದು.

"ಓದುವಾಗ ಈಗ ಸದ್ದಿಲ್ಲ" ಅಂದರು ಒಂದು ದಿನ.
"ಒಳ್ಳೆಯದೇ. ಆದರೂ,
ಪಕ್ಕದಲ್ಲಿ ಯಾರೋ ಜೊತೆಗೆ ಓದುತ್ತಿದ್ದವರು
ಎದ್ದು ಹೋದ ಹಾಗಿದೆ."
ನಮೂನೆಯಲ್ಲಿ ಇದಕ್ಕೆ ಜಾಗವಿಲ್ಲ.
'ಇತರೆ' ಎಂಬಲ್ಲಿ ಬರೆದುಕೊಂಡೆ.

ಸ್ಪಂಜಿನ ಮೇಲೆ ನಿಲ್ಲಿಸಿದೆ. ಕಾಲು ಜೋಡಿಸಿ, ಕಣ್ಣು ಮುಚ್ಚಿ.
ಬೆನ್ನಿಂದ ಒಂದು ಗೇಣು ದೂರ ನನ್ನೆರಡು ಕೈ, ಮುಟ್ಟದೆ.
ವಾಲಿದರು, ತಡೆದರು, ಮತ್ತೆ ವಾಲಿದರು.
ತುಟಿಯಲ್ಲೇ ಏನೋ ಎಣಿಸುತ್ತಿದ್ದರು,
ಸೆಕೆಂಡುಗಳನ್ನಲ್ಲ:
ಆರು, ಐದು, ನಾಲ್ಕು,
ನಾಲ್ಕು, ಐದು,